ಹಿಂದಕ್ಕೆ ಸರಿದ ಚಪ್ಪಲಿ

ಅಕ್ಕಿಆಲೂರು
18 ನವೆಂಬರ್ 2024, ಸೋಮವಾರ

ಪ್ರೀತಿಯ ತನುಜಾ,

ಹೇಗಿದ್ದೀ ನನ್ನವ್ವಾ? ವಾಂತಿ ನಿಂತಿತೇ? ಕಾಲಿನ ಬಾವು ಇಳಿಯಿತೇ? ಒಳಗಿರುವ ಕೂಸು ಮಗ್ಗಲು ಬದಲಿಸಿದಾಗ ನಿನ್ನ ಮುಖ ಹೇಗಾಗುತ್ತದೋ ಎಂದು ನೆನೆದು ಒಬ್ಬಳೇ ನಗುತ್ತೇನೆ. ನಿಮ್ಮಪ್ಪ "ಹುಚ್ಚಿ ಆದಿಯೇನ ನೀ" ಎನ್ನುತ್ತಾರೆ. ಅಳಿಯ ಲೋಹಿತ, ಬೀಗರು ಎಲ್ಲ ಆರಾಮಿದ್ದಾರೆಂದು ತಿಳಿದಿದ್ದೇನೆ. ಫೋನಿರುವಾಗ ಪತ್ರವೇಕೆ ಅನ್ನಬೇಡ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಹತ್ತು ಕೇಳುತ್ತೀ, ನಾನು ಹೇಳಬೇಕಾದದ್ದನ್ನೇ ಮರೆಯುತ್ತೇನೆ. ಪಕ್ಕದ ಮನೆಯ ಉಳಿವೆಪ್ಪ ಹಿರೇಕೆರೂರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಶೇಂಗಾ ಉಂಡಿಯೂ ಇವೆ, ನೀನೇ ತಿನ್ನು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ನಾನು ಹಟ ಹಿಡಿದಾಗ ನೀನು ಏನೆಂದೆ? "ಅಲ್ಲಿ ದವಾಖಾನಿ ಹೆಂಗೈತಿ ಮೊದಲ ನೋಡಿ ಹೇಳಬೇ ಯವ್ವಾ, ಆಮ್ಯಾಲ ಬರೂದು." ಸಿಟ್ಟು ಬಂತು. ಆದರೆ ಮಾತು ಖರೆ. ನೋಡಿಯೇ ಬಿಡೋಣವೆಂದು ಶುಕ್ರವಾರ ಬೆಳಿಗ್ಗೆ, ನಿನ್ನ ಮದುವೆಯಾದ ಮೇಲೆ ಇಲ್ಲಿಗೆ ಬಂದಿರುವ ಹೇಮಾ ಡಾಕ್ಟರ ದವಾಖಾನೆಗೆ ಮಂಡಿನೋವಿನ ನೆಪ ಹೇಳಿ ಹೋದೆ. ಅಲ್ಲಿ ಚೀಟಿ ಇಲ್ಲ, ನಂಬರೂ ಇಲ್ಲ. ಬಾಗಿಲ ಮುಂದೆ ಚಪ್ಪಲಿಗಳೇ ಪಾಳಿ ಹಚ್ಚುತ್ತವೆ. ಒಬ್ಬರು ಒಳಗೆ ಹೋದಂತೆ ಉಳಿದವರು ತಮ್ಮ ಜೋಡು ಮುಂದೆ ಸರಿಸಿ, ಮತ್ತೆ ಬೇವಿನ ಮರದ ಕೆಳಗೆ ಕೂಡುತ್ತಾರೆ. ನಾನು ಬಲು ಶಾಣ್ಯಾಕಿ! ನನ್ನ ಪಾಳಿ ಬಾಗಿಲಿಗೆ ಬಂದಾಗಲೆಲ್ಲ ಎದ್ದು ಚಪ್ಪಲಿಯನ್ನು ಕೊನೆಗೆ ಒಯ್ದಿಟ್ಟೆ. ಹೀಗಾದರೆ ದಿನವಿಡೀ ಕೂತು ನೋಡಬಹುದಲ್ಲ.

ನೋಡಿದೆ. ಬಾಗಿಲು ತೆರೆದೇ ಇತ್ತು, ಕೂತಲ್ಲಿಂದಲೇ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ನಲ್ಲಿಯಲ್ಲಿ ನೀರಿಲ್ಲ, ಫ್ಯಾನು ಕಿರುಗುಟ್ಟುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಿವಿ ಕೇಳದ ಹಾಜರಾಬಿಗೆ ಡಾಕ್ಟರು ಕಿವಿಯ ಹತ್ತಿರ ಬಾಗಿ ಮತ್ತೆ ಮತ್ತೆ ಹೇಳಿದರು, ಒಮ್ಮೆಯೂ ದನಿ ಏರಿಸಲಿಲ್ಲ. ನಮ್ಮ ಓಣಿಯ ಹೊಳಬಸಪ್ಪಜ್ಜ "ಸೂಜಿ ಮಾಡ್ರಿ, ಇಲ್ಲಂದ್ರ ನನಗ ಸಮಾಧಾನ ಆಗೂದಿಲ್ಲ" ಎಂದು ರಂಪ ಮಾಡಿದ. "ಸೂಜಿ ಬ್ಯಾಡ್ರೀ ಅಜ್ಜಾರ, ಗುಳಿಗಿ ಸಾಕು" ಎಂದು ನಕ್ಕರು. ಅವನು ಬೈಯುತ್ತಾ ಹೊರಗೆ ಹೋಗಿ, ಮರದ ಕೆಳಗೆ ಸ್ವಲ್ಪ ಕೂತು, ತಾನೇ ತಿರುಗಿ ಬಂದು ಗುಳಿಗೆ ಇಸಿದುಕೊಂಡ.

ಮಧ್ಯಾಹ್ನವಾಯಿತು. ಅಕ್ಕಿ ಗಿರಣಿ ಎಲ್ಲೋ ದೂರದಲ್ಲಿ ಗುಂಯ್ ಎನ್ನುತ್ತಿತ್ತು, ಹೊಸ ಭತ್ತದ ವಾಸನೆ, ಬೇವಿನೆಲೆಗಳ ನಡುವೆ ತೂಗುವ ಬಿಸಿಲು. ಕಣ್ಣು ಎಳೆದುಕೊಂಡು ಹೋದವು. ಕನಸಿನಲ್ಲಿ ನನ್ನವ್ವ ದಾನವ್ವ ಬಂದಿದ್ದಳು. ಕಾಲು ಚಾಚಿ ಕೂತು, ಹಸುಗೂಸಾದ ನಿನ್ನನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು. ಬಚ್ಚಲ ತುಂಬ ಉಗಿ, ಲೋಬಾನದ ಹೊಗೆ. ಹೊಗೆ ಸರಿದಾಗ ಕೂಸು ನೀನಲ್ಲ, ನಿನ್ನದು. ನೀರು ಹಾಕುವ ಕೈ ಯಾರದೆಂದು ನೋಡಲು ಬಗ್ಗಿದೆ. ಚೊಂಬು ಕಾಣಿಸಿತು, ಕೈ ಕಾಣಿಸಲಿಲ್ಲ.

ಎಚ್ಚರವಾದಾಗ ಸಂಜೆ. ಬಾಗಿಲಲ್ಲಿ ನನ್ನ ಚಪ್ಪಲಿ ಮಾತ್ರ. ನರ್ಸು ಬಿಬಿಜಾನ ಎದುರಿಗೆ ನಿಂತಿದ್ದಳು. "ಅಕ್ಕಾರ, ಮುಂಜಾನಿಂದ ನಿಮ್ಮ ಚಪ್ಪಲಿ ಹಿಂದಕ್ಕ ಹೊಂಟಾವ. ಹಿಂಗ ಸರಸೋರು ಭಾಳ ಹೆದರಿರ್ತಾರ್ರಿ. ಮೇಡಮ್ಮಾರಿಗೆ ಆಗಳೇ ಹೇಳೇನಿ." ನನ್ನ ಶಾಣ್ಯಾತನ ಅಲ್ಲೇ ಇಳಿದುಹೋಯಿತು. ಡಾಕ್ಟರು ಹೊರಗೆ ಬಂದು ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು. ಮಂಡಿಯ ಸುದ್ದಿ ಎತ್ತಲೇ ಇಲ್ಲ. "ಈಗ ಯಾರೂ ಇಲ್ರಿ. ಹೇಳ್ರಿ" ಎಂದರಷ್ಟೇ. ನಾನು ಅತ್ತುಬಿಟ್ಟೆ ತನುಜಾ. ಅವರು ಗಡಿಯಾರ ನೋಡಲಿಲ್ಲ. ದವಾಖಾನೆ ಚೆನ್ನಾಗಿದೆ, ಧೈರ್ಯವಾಗಿ ಬಾ.

ಬೀಗತಿಗೆ ನನ್ನ ಶರಣು ಹೇಳು, ನಿನ್ನನ್ನು ತವರಿಗೆ ಕರೆಸಿಕೊಳ್ಳುತ್ತೇನೆಂದು ಮುನಿಸಿಕೊಳ್ಳಬೇಡವೆನ್ನು. ಅಳಿಯಂದಿರಿಗೂ ನಿನಗೂ ನಮ್ಮಿಬ್ಬರ ಆಶೀರ್ವಾದ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅವ್ವ,
ಸುಧಾರಾಣಿ

ತಾ.ಕ.: ಉಳಿವೆಪ್ಪ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನನ್ನ ಎಡ ಎದೆಯಲ್ಲಿ ಒಂದು ಗಂಟಿದೆ. ನೀನು ಬಸುರಿ ಎಂಬ ಸುದ್ದಿ ಬಂದಾಗಿನಿಂದ ಕೈಗೆ ಹತ್ತುತ್ತಿದೆ. ನಿನ್ನ ಬಾಣಂತನ ಮುಗಿಯಲಿ, ಆಮೇಲೆ ತೋರಿಸಿದರಾಯಿತು ಎಂದುಕೊಂಡಿದ್ದೆ. "ಬಾಣಂತನ ಮಾಡಾಕ ನೀವು ಇರಬೇಕಲ್ರೀ" ಎಂದು ಡಾಕ್ಟರು ಬೈದರು. ಏನೆಂದು ಪರೀಕ್ಷೆ ಮಾಡದೆ ಹೇಳಲಾಗದಂತೆ. ನಾಳೆ ಹುಬ್ಬಳ್ಳಿಗೆ ಹೊರಟಿದ್ದೇವೆ. ನಿಮ್ಮಪ್ಪನಿಗೆ ಹೇಳಿದೆ. ನನ್ನ ಚಪ್ಪಲಿ ಒರೆಸಿ, ಹೊರಗೆ ಮುಖ ಮಾಡಿ ಹೊಸ್ತಿಲ ಮುಂದೆ ಇಟ್ಟಿದ್ದಾರೆ. ನೀನು ತಿಂಗಳು ತುಂಬುವವರೆಗೆ ಕಾಯಬೇಡ, ಈಗಲೇ ಬಾ. ನನಗೆ ಹೆದರಿಕೆಯಾಗಿದೆ, ಮಗಳು ಹತ್ತಿರ ಇರಬೇಕು ಅನಿಸುತ್ತಿದೆ.