ಕಿಟಕಿಯ ಸರಳಿಗೆ ಸಿಕ್ಕಿಸಿದ ಕೂದಲು

ಅಮ್ಮಾ,

ನೀನು ತೀರಿಕೊಂಡ ತಿಂಗಳು ನಮ್ಮ ಬಟ್ಟೆ ಒಣಹಾಕುವ ತಂತಿಗೆ ಸೂರಕ್ಕಿಯೊಂದು ಗೂಡು ಕಟ್ಟಿತ್ತು. ಇವತ್ತು ಅದನ್ನು ಶಾಲೆಗೆ ಒಯ್ದಿದ್ದೆ. ಬೈಯಬೇಡ, ಮರಿಗಳು ಹಾರಿಹೋಗಿ ವಾರವಾಯಿತು. ಗೂಡೆಂದರೆ ಅವಕ್ಕೆ ತೊಟ್ಟಿಲು, ಅಷ್ಟೇ.

ಎರಡನೇ ತರಗತಿಯ ನನ್ನ ಮಕ್ಕಳಿಗೆ ಹೇಳಿದೆ: ಬೆಕ್ಕಿಗೆ ಎಟುಕದ ಕಡೆ ಹಕ್ಕಿ ಇದನ್ನು ನೇತುಹಾಕುತ್ತದೆ, ಕಸಕಡ್ಡಿಯನ್ನೆಲ್ಲ ಜೇಡರ ಬಲೆಯಿಂದ ಬಿಗಿಯುತ್ತದೆ, ಒಳಗೆ ಮರಿಗಳಿಗೆಂದು ಮೆತ್ತನೆಯದೇನಾದರೂ ಹಾಸುತ್ತದೆ. ಅಷ್ಟರಲ್ಲಿ ಮುಂದಿನ ಬೆಂಚಿನ ತರಲೆ ಹುಡುಗಿ ಒಳಗೆ ಬೆರಳು ಹಾಕಿ ಉದ್ದನೆಯ ಕೂದಲೊಂದನ್ನು ಎಳೆದಳು. ಕೂದಲೆಲ್ಲ ಕಪ್ಪು, ಬುಡದಲ್ಲಿ ಮಾತ್ರ ಬೆರಳುದ್ದ ಬಿಳಿ.

ತಲೆ ಬಾಚಿ, ಉದುರಿದ ಕೂದಲನ್ನು ಸುತ್ತಿ ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದೆ ನೀನು. "ಥೂ, ಕಸದ ಬುಟ್ಟಿ ಇಲ್ವಾ?" ಎಂದು ನಾನು ಸಿಡುಕುತ್ತಿದ್ದೆ. "ಬುಡ ಎಲ್ಲಾ ಬೆಳ್ಳಗಾಗಿದೆ, ಸ್ವಲ್ಪ ಬಣ್ಣ ಹಚ್ಕೊಡೇ" ಎಂದು ನೀನು ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: "ಭಾನುವಾರ ನೋಡೋಣಮ್ಮ."

"ಮಿಸ್, ಇದು ಯಾರ ಕೂದ್ಲು?"

"ನಮ್ಮಮ್ಮಂದು ಕಣೇ."

"ಬಿಳೀದು ಮರಿಗೆ ಚುಚ್ಚಲ್ವಾ?"

"ಇಲ್ಲಪ್ಪ, ಅದೇ ಜಾಸ್ತಿ ಮೆತ್ತಗಿರೋದು."

ಮಕ್ಕಳ ಮುಂದೆ ಆಡಿದ ಮಾತು ಸುಳ್ಳಾಗಬಾರದಲ್ಲ ಎಂದು ಆಮೇಲೆ ಬೆರಳಲ್ಲಿ ಸವರಿ ನೋಡಿದೆ. ಹೌದಮ್ಮ, ಮೆತ್ತಗೇ ಇತ್ತು.

ನಾಳೆ ಭಾನುವಾರ.