ಕೊನೀ ಸೀಟಿನ ಬೆಲ್ಟು

ರೆಹಾನ,

ನಾ ಅಫಜಲಪುರದ ಬಸ್ಸಿಗಿ ಹೊಂಟೇನಿ. ಕೊಳ್ಳೂಕಿಂತ ಮೊದಲ ನೋಡಾಕಂತ ನೀ ತಂದ ಏಳು ಸೀಟಿನ ಹಳೀ ಗಾಡಿ ಇವತ್ತೇ ವಾಪಸ್ ಬಿಟ್ಟು ಬಾ.

ನಿನ್ನೆ ನೀ ಎಸಿ ಹಚ್ಚಿ ಹಾಡು ಕೇಳ್ಕೋತ ಕುಂತಿದ್ದಿ. ನಾ ಹಿಂದ ಹೋಗಿ ಕೊನೀ ಸೀಟಿನ ಬೆಲ್ಟು ಪೂರಾ ಜಗ್ಗಿದೆ. ಮೊದಲಿನ ಅರ್ಧ ಸ್ವಚ್ಛ, ಒಳಗಿನ ಅರ್ಧ ಬರೇ ಹೊಳಿ ರಾಡಿ. ಗಾಡಿ ಭೀಮಾ ಹೊಳಿ ಮಹಾಪೂರದಾಗ ಮುಳುಗಿ ಎದ್ದದ. ಅದಕ್ಕೇ ಅಷ್ಟು ಅತ್ತರು ಹೊಡದಾರ. ವೈರಿಂಗ್ ಇವತ್ತಲ್ಲ ನಾಳಿ ಕೈ ಕೊಡ್ತದ. ಗಾಡಿ ಮಾಲೀಕನ ಮುಂದ ವಾದ ಮಾಡಬ್ಯಾಡ, ಚಾವಿ ಕೊಟ್ಟು ಬಾ.

ಖಿಚಡಿ ಮಾಡಿಟ್ಟೇನಿ, ಬಿಸಿ ಮಾಡ್ಕೊಂಡು ತಿನ್ನು. ಅಮ್ಮಿಗಿ ಗುಳಿಗಿ ಕೊಡು.

ಚೌಡಾಪುರದ ಮದುವಿಗಿ ಹೋಗುವಾಗ ಯಾರು ಎಲ್ಲಿ ಕೂಡಬೇಕು ಅಂತ ಅಮ್ಮಿ ಆಗಲೇ ಹೇಳಾಕತ್ತಾಳ. ಮುಂದಿನ ಸೀಟು ದೊಡ್ಡ ಭಾಯಿಗಂತ. ಬ್ಯಾರೆ ಮನಿ ಮಾಡಿದ ಮ್ಯಾಲ ಅವ ನಮ್ಮ ಜೋಡಿ ಉಣ್ಣಾಕ ದಸ್ತರಖಾನಕ್ಕ ಒಮ್ಮೆಯೂ ಕುಂತಿಲ್ಲ, ಗಾಡ್ಯಾಗರೆ ಕೂಡ್ತಾನಂತ ಅಕಿ ಆಸೆ. ನಿನ್ನೆ ಭಾಯಿಗಿ ಫೋನ್ ಹಚ್ಚಿ ಕೇಳಿದೆ. "ಎಂಥಾ ಗಾಡಿ ತಂದ್ರೂ ನಾ ನಿಮ್ಮ ಜೋಡಿ ಬರಲ್ಲ, ಬಸ್ಸಿಗಿ ಬರ್ತೇನಿ" ಅಂದ.

ಅಮ್ಮಿಗಿ ಗಾಡಿ ಖರಾಬ್ ಅದ ಅಂತಷ್ಟೇ ಹೇಳು.

ಆಪಾ