ತುಟಿ ನನ್ನದು, ದನಿ ನಿಮ್ಮದು

ಅಕ್ಕನಿಗೆ ನಮಸ್ಕಾರ.

ಮಂಡಿನೋವು ಹೇಗಿದೆ? ಇಷ್ಟು ವರ್ಷಗಳ ಮೇಲೆ ನನಗೊಂದು ಸಿನಿಮಾ ಸಿಕ್ಕಿದೆ, ಅಜ್ಜಿಯ ಪಾತ್ರ. ನಾಯಕಿಯಾಗಿದ್ದಷ್ಟು ಕಾಲ ತೆರೆಯ ಮೇಲೆ ತುಟಿ ನನ್ನದು, ದನಿ ನಿಮ್ಮದು. ನನ್ನ ಗಂಟಲು ಒಡಕು ಎಂದು ಪ್ರತಿ ನಿರ್ಮಾಪಕರೂ ನಿಮ್ಮನ್ನೇ ಕರೆಸುತ್ತಿದ್ದರು. ಈಗಿನ ನಿರ್ದೇಶಕಿಗೆ ಆ ಒಡಕು ದನಿಯೇ ಬೇಕಂತೆ.

ನಿನ್ನೆ ತಾಲೀಮಿನಲ್ಲಿ ಇಡೀ ಸಂಭಾಷಣೆ ಮುಗಿಸಿ, ಚೆನ್ನಾಗಿ ಬಂತೆಂದು ಹಿಗ್ಗಿ ನಿಂತೆ. "ಅಮ್ಮಾ, ಒಂದಕ್ಷರಾನೂ ಕೇಳಿಸ್ಲಿಲ್ವಲ್ಲ!" ಎಂದಳು ಆ ನಿರ್ದೇಶಕಿ ಹುಡುಗಿ. ಹಳೆಯ ಅಭ್ಯಾಸ, ಬರೀ ತುಟಿ ಆಡಿಸಿದ್ದೆ. ಮತ್ತೆ ಪ್ರಯತ್ನಿಸಿದರೆ ದನಿ ಹೊರಡಲೇ ಇಲ್ಲ. ಸೋಮವಾರದ ಚಿತ್ರೀಕರಣದಲ್ಲೂ ಹೀಗೇ ಆದರೆ ಬೇರೆಯವರಿಂದ ದನಿ ಕೊಡಿಸುತ್ತಾರಂತೆ.

ನಗಬೇಡಿ. ಇಲ್ಲ, ನಕ್ಕುಬಿಡಿ, ನಿಮ್ಮ ನಗುವನ್ನೇ ಅಲ್ಲವೇ ಜನ ನನ್ನದೆಂದು ಮೆಚ್ಚಿದ್ದು!

ಸೋಮವಾರ ಬೆಳಿಗ್ಗೆಯೇ ಕಾರು ಕಳಿಸುತ್ತೇನೆ, ಬನ್ನಿ. ಕ್ಯಾಮೆರಾದ ಪಕ್ಕ ನಿಮಗೊಂದು ಒರಗು ಕುರ್ಚಿ ಹಾಕಿಸಿದ್ದೇನೆ. ಸಂಭಾಷಣೆಯ ಹಾಳೆ ನಿಮ್ಮ ಕೈಯಲ್ಲಿರುತ್ತದೆ, ಕನ್ನಡಕ ಮರೆಯಬೇಡಿ. ನನ್ನೆದುರು ಕೂತು ನೀವು ಬರೀ ತುಟಿ ಆಡಿಸಿ ಅಕ್ಕ, ಸಾಕು. ಈ ಸಲ ಮಾತು ನಾನಾಡುತ್ತೇನೆ.

ಸೋಮವಾರದವರೆಗೆ ಮಾತ್ರ,
ನಿಮ್ಮ ಮೂಕಿ